ಹಿಂಡುವ ಡಬ್ಬಿಯ ಸದ್ದು

ಸೊಲ್ಲಾಪುರದ ಚಾದರ ವ್ಯಾಪಾರಿ ಸಾತಲಿಂಗಪ್ಪನವರ ಹೆಂಡತಿ ರತ್ನಾಬಾಯಿಗೆ ಕೊಳೆ ಎಂದರೆ ಹುಟ್ಟಾ ವೈರಿ. ಪೇಟೆಯಿಂದ ಬಂದ ಕೊತ್ತಂಬರಿಗೆ ಮೂರು ನೀರು, ಬಂದ ನೆಂಟರ ಕಾಲಿಗೆ ಎರಡು. ದವಾಖಾನೆಯ ಬಟ್ಟೆಯಂತೂ ಯಾರ ಕೈಗೂ ತಾಗದೆ ನೇರ ಹಿತ್ತಲಿನ ಮಷೀನಿಗೆ ಬೀಳಬೇಕು; ಅದಕ್ಕೆಂದೇ ಒಂದು ಕೋಲು ಇಟ್ಟಿದ್ದಳು. ಸೊಸೆ ರೂಪಾಲಿ ಸೆರಗು ಮರೆಮಾಡಿ ನಗುತ್ತಿದ್ದಳು. ಗಂಡ ಎದುರಿಗೇ ನಗುತ್ತಿದ್ದರು.

ಆ ಗಂಡ ತೀರಿಕೊಂಡು ಮೂರು ತಿಂಗಳಾಯಿತು. ದವಾಖಾನೆಯಲ್ಲಿ ಸ್ಕ್ಯಾನಿಗೆ ಒಯ್ಯುವಾಗ, ಮೈಮೇಲೆ ಲೋಹ ಇರಬಾರದೆಂದು, ಅವರ ಕೊರಳಿನ ಬೆಳ್ಳಿ ಕರಡಿಗೆ ತೆಗೆಸಿದ್ದರು. ಎಂಟನೇ ವಯಸ್ಸಿನಲ್ಲಿ ದೀಕ್ಷೆಯಾದಾಗಿನಿಂದ ಅವರ ಇಷ್ಟಲಿಂಗ ಇದ್ದದ್ದು ಅದರೊಳಗೇ. ಜೊತೆಗಿದ್ದ ರೂಪಾಲಿ ಅದನ್ನು ಮಾವನ ಜುಬ್ಬಾದ ಕಿಸೆಯಲ್ಲಿಟ್ಟು, ಬಟ್ಟೆ ಗಂಟು ಕಟ್ಟಿ ಮನೆಗೆ ಕಳಿಸಿದಳು. ಎರಡು ದಿನಕ್ಕೆ ಅವರು ಹೋದರು. ಲಿಂಗಾಯತರು ಹೋದವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಅಂಗೈಯಲ್ಲಿ ಅವರ ಲಿಂಗ ಇರಬೇಕು. ರತ್ನಾಬಾಯಿ ಒಗೆದಿಟ್ಟ ಜುಬ್ಬಾದ ಕಿಸೆ ನೋಡಿದರೆ ಬರಿದು. ಮನೆಯೆಲ್ಲ ಹುಡುಕಿ, ಕೊನೆಗೆ ಮಠದಿಂದ ಬೇರೆ ಲಿಂಗ ತಂದು ಕೈಯಲ್ಲಿಟ್ಟು, ಬೋರಾಮಣಿ ಊರಿನ ತಮ್ಮ ಹೊಲದಲ್ಲಿ ಕೂರಿಸಿದರು. ಜೀವಮಾನವೆಲ್ಲ ಪೂಜಿಸಿದ್ದು ಒಂದು, ಹಿಡಿದುಕೊಂಡು ಹೋದದ್ದು ಇನ್ನೊಂದು.

"ನೀನ ಕಳದಿ. ನಮ್ಮ ಮನಿಯವರನ್ನ ಅವರ ಲಿಂಗ ಇಲ್ದ ಕಳಿಸಿದಿ," ಎಂದು ರತ್ನಾಬಾಯಿ ನೆಂಟರಿಷ್ಟರ ಎದುರಿಗೇ ಸೊಸೆಗೆ ಅಂದುಬಿಟ್ಟಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರೂಪಾಲಿ ಎಷ್ಟು ಆಣೆ ಮಾಡಿದರೂ ಕೇಳಲಿಲ್ಲ. ಮಗ ನಿಲೇಶ, ಪುಣ್ಯಾತ್ಮ, ತುಟಿ ಪಿಟಕ್ಕೆನ್ನಲಿಲ್ಲ. ವಾರದೊಳಗೆ ಆ ಹುಡುಗಿ ಅಕ್ಕಲಕೋಟದ ತವರು ಸೇರಿದಳು.

ಮಷೀನು ಆಗಿನಿಂದಲೇ ಸದ್ದು ಮಾಡುತ್ತಿತ್ತು. ಸಾವಿನ ಮನೆಯಲ್ಲಿ ಅದನ್ನು ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ? ನೆರೆಯವರು ಗೊಣಗತೊಡಗಿದ ಮೇಲೆ ಮೊನ್ನೆ ಮೆಕ್ಯಾನಿಕ್ ಅಂಬಾದಾಸನನ್ನು ಕರೆಸಿದಳು. ಎರಡು ಡಬ್ಬಿಯ ಹಳೇ ಮಷೀನು, ಒಂದರಲ್ಲಿ ಒಗೆಯುವುದು, ಇನ್ನೊಂದರಲ್ಲಿ ಹಿಂಡುವುದು. ಅವನು ಮೊದಲು ಅದರ ಕಾಲು ಸಮ ಇವೆಯೇ ಎಂದು ಅಲ್ಲಾಡಿಸಿದ. ಒಗೆಯುವ ಕಡೆ ತಿರುಗಿಸಿದ, ಸದ್ದಿಲ್ಲ. ಹಿಂಡುವ ಕಡೆ ತಿರುಗಿಸಿದ, ಖಡಖಡ. ಪ್ಲಗ್ ಕಿತ್ತು, ಡಬ್ಬಿಯನ್ನು ಕೈಯಿಂದಲೇ ಮೆಲ್ಲಗೆ ತಿರುಗಿಸುತ್ತ ಕಿವಿಗೊಟ್ಟ.

"ಮೋಟರ್ ಛಲೋ ಅದರಿ ಮಾವಶಿ. ಡಬ್ಬಿ ಕೆಳಗ ಏನೋ ಬಿದ್ದದ. ಕಿಸೆ ನೋಡದ ಅರಬಿ ಹಾಕೀರೇನು?"

"ನನ್ನ ಮನ್ಯಾಗ ಅಂಥಾ ಕೆಲಸ ನಡ್ಯಾಂಗಿಲ್ಲಪಾ."

ಅವನು ಬೋಲ್ಟು ಬಿಚ್ಚಿ ಡಬ್ಬಿಯನ್ನು ಮೇಲೆತ್ತಿದ. ಅಡಿಯ ರಾಡಿಯಲ್ಲಿ ಕೈಯಾಡಿಸಿ, ಸಿಕ್ಕಿದ್ದನ್ನು ಅಂಗಿಗೆ ಒರೆಸಿ ಅವಳ ಅಂಗೈಗಿಟ್ಟ. ಗಂಡನ ಕರಡಿಗೆ. ಮೂರು ತಿಂಗಳು ಬಡಿತ ತಿಂದು ನೆಗ್ಗಿಹೋಗಿತ್ತು.

ರತ್ನಾಬಾಯಿ ಅಲ್ಲೇ ಹಸಿ ನೆಲದ ಮೇಲೆ ಕೂತುಬಿಟ್ಟಳು. ದವಾಖಾನೆಯಿಂದ ಬಂದ ಗಂಟನ್ನು ಬಿಚ್ಚಿ, ಜುಬ್ಬಾವನ್ನು ಕೋಲಿನಿಂದೆತ್ತಿ ಮಷೀನಿಗೆ ಹಾಕಿದವಳು ಅವಳೇ. ಒಗೆದದ್ದನ್ನು ಹಿಂಡುವ ಡಬ್ಬಿಗೆ ಹಾಕಿದ್ದೂ ಕೋಲಿನಿಂದಲೇ; ಅಲ್ಲಿ ತಿರುಗುವಾಗ ಕರಡಿಗೆ ಕಿಸೆಯಿಂದ ಜಾರಿ ಅಡಿಗೆ ಬಿದ್ದಿತ್ತು. ಕಿಸೆ ನೋಡಿದ್ದು ಒಗೆದು ಒಣಗಿದ ಮೇಲೆ. ಒಮ್ಮೆ ಕೈಯಿಂದ ಮುಟ್ಟಿದ್ದರೆ ಸಾಕಿತ್ತು. ನಲವತ್ತು ವರ್ಷ ಜೊತೆ ಬಾಳಿದ ಗಂಡನ ಬಟ್ಟೆ ಮುಟ್ಟಲು ಹೇಸಿದ ತನ್ನ ಕೈ ನೋಡಿಕೊಂಡು ಅವಳು ಗೋಳೋ ಎಂದು ಅತ್ತಳು.

ಅದೇ ಮಧ್ಯಾಹ್ನ ಬಸ್ಸು ಹತ್ತಿ ಅಕ್ಕಲಕೋಟಕ್ಕೆ ಹೋದಳು. ಕದ ತೆರೆದ ರೂಪಾಲಿ ಕರಡಿಗೆ ಕಂಡವಳೇ ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. ನಡೆದದ್ದನ್ನು ಅತ್ತೆ ಒಂದೂ ಮುಚ್ಚಿಡದೆ ಹೇಳಿದಳು.

"ನಾನ ಕಳದೀನೇನೋ ಅಂತ ನನಗೂ ಅನಸಾಕತ್ತಿತ್ತರಿ ಅತ್ತಿ," ಎಂದಳು ರೂಪಾಲಿ. "ಕಿಸ್ಯಾಗ ಇಟ್ಟಿದ್ದು ಖರೇನೋ ಸುಳ್ಳೋ ಅನ್ನೂದ ತಿಳೀದಂಗಾಗಿತ್ತು."

"ತಪ್ಪು ನಂದವ್ವಾ. ಮಂದಿ ಮುಂದ ಅಂದೀನಿ, ಮಂದಿ ಮುಂದನ ನಿನ್ನ ಕಾಲ ಹಿಡೀತೀನಿ. ಮನಿಗಿ ನಡಿ."

ಬಗ್ಗಿದ ಅತ್ತೆಯನ್ನು ರೂಪಾಲಿ ತೋಳು ಹಿಡಿದು ಎಬ್ಬಿಸಿದಳು. ಕರಡಿಗೆಯನ್ನು ಅವಳ ಸೆರಗಿನ ತುದಿಗೆ ಗಂಟು ಹಾಕಿ ಕೊಟ್ಟಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಇದೇನೋ ಸಿಕ್ತರಿ. ನಾಳಿ ಮನ್ಯಾಗ ಮತ್ತೇನರ ಕಳೀತಂದ್ರ?"

ರತ್ನಾಬಾಯಿ ಸೊಸೆ ಕೊಟ್ಟ ನೀರು ಕುಡಿದು, ಸೊಲ್ಲಾಪುರದ ಬಸ್ಸಿಗೆ ಒಬ್ಬಳೇ ಹೊರಳಿ ಬಂದಳು.