ಸಾಹುಕಾರನ ಚಟ್ಟಕ್ಕೆ ಕೊಡದ ಹಗ್ಗ

ಕಾವೇರಿ ಕಡಲು ಸೇರುವ ಕಡೆ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಮೊದಲ ಸಲ ಮಣ್ಣು ಬಗೆದಾಗ ನನ್ನ ಮೂಗಿಗೆ ಹೊಡೆದದ್ದು ನಮ್ಮೂರು ಗುಬ್ಬಿಯ ಕೆರೆಯಂಚಿನ ವಾಸನೆ. ಜೊತೆಗಿದ್ದವರು ಕರವಸ್ತ್ರ ತೆಗೆದು ಮೂಗು ಮುಚ್ಚಿಕೊಂಡರು. ನಾನು ಇನ್ನೊಮ್ಮೆ ಉಸಿರೆಳೆದುಕೊಂಡೆ. ಕಾಯಿ ಸುಲಿದ ತೆಂಗಿನ ಮಟ್ಟೆಯನ್ನು ತಿಂಗಳುಗಟ್ಟಲೆ ನೀರಲ್ಲಿ ನೆನೆಹಾಕಿ ಮೇಲೆತ್ತಿದರೆ ಹೀಗೇ ನಾರುತ್ತದೆ, ಕೊಳೆತ ಮೊಟ್ಟೆಯ ಹಾಗೆ. ಅದು ನಮ್ಮಜ್ಜಿ ಕೆಂಚಮ್ಮನ ಸೆರಗಿನ ವಾಸನೆ, ನಮ್ಮ ಕೌದಿಯ ವಾಸನೆ, ಶಾಲೆಯಲ್ಲಿ ನನ್ನ ಪಕ್ಕದ ಹುಡುಗಿ ದೂರ ಸರಿದು ಕೂರುತ್ತಿದ್ದುದಕ್ಕೆ ಕಾರಣವಾದ ವಾಸನೆ. ಅಜ್ಜಿ ಕೊಡತಿಯಿಂದ ಮಟ್ಟೆ ಬಡಿದು ನಾರು ಬಿಡಿಸುತ್ತಿದ್ದಳು, ಅಪ್ಪ ರಾಟೆ ತಿರುಗಿಸುತ್ತಿದ್ದ, ಅಜ್ಜಿ ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುತ್ತಾ ಹುಣಸೇಮರದವರೆಗೂ ಹಗ್ಗ ಹೊಸೆಯುತ್ತಿದ್ದಳು. ರಾಟೆಯ ಕಿರುಗುಟ್ಟುವಿಕೆ ಕೇಳುತ್ತಲೇ ನಾನು ಮಗ್ಗಿ ಕಲಿತೆ. ನಿಮ್ಮ ಅಜ್ಜಿಯ ಕೈಯಲ್ಲೂ ಹೀಗೊಂದು ಕೆಲಸದ ವಾಸನೆ ಇದ್ದಿರಬಹುದು. ಯಾವ ಸೋಪಿಗೂ ಅದು ಹೋಗುವುದಿಲ್ಲ ಎಂದು ನಿಮಗೆ ಗೊತ್ತಿರುತ್ತದೆ.

ನಮ್ಮ ಹಗ್ಗವನ್ನು ಮಾರುತ್ತಿದ್ದವನು ಪೇಟೆ ಬೀದಿಯ ಪುಟ್ಟಸ್ವಾಮಯ್ಯ. ಊರೆಲ್ಲ ಅವನನ್ನು ಸಾಹುಕಾರ್ರು, ಅವರು ಎನ್ನುತ್ತಿತ್ತು. ನಾನು ಅವನು ಎಂದೇ ಬರೆಯುತ್ತೇನೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಅವನ ಅಂಗಡಿಗೆ ನೀಲಿ ಬಣ್ಣದ ನೈಲಾನ್ ಹಗ್ಗದ ಸುರುಳಿಗಳು ಬಂದವು. ಹೊಸದನ್ನು ಮಾರಿಕೊಳ್ಳಲಿ, ಬೇಡ ಅನ್ನುವವರು ನಾವಲ್ಲ. ಅವನು ಅಷ್ಟಕ್ಕೆ ನಿಲ್ಲಲಿಲ್ಲ. ಸಂತೆ ದಿನ ಜನ ಕೂಡಿಸಿ, ಎರಡು ಜೊತೆ ಎತ್ತು ನಿಲ್ಲಿಸಿ, ಒಂದು ಜೊತೆಗೆ ನೀಲಿ ಹಗ್ಗ, ಇನ್ನೊಂದಕ್ಕೆ ನಮ್ಮ ಹಗ್ಗ ಕಟ್ಟಿ ಕಲ್ಲು ಎಳೆಸಿದ. ನಮ್ಮದು ಪಟ್ಟನೆ ಕಿತ್ತುಹೋಯಿತು.

“ನೋಡಮ್ಮೋ ಕೆಂಚಮ್ಮ, ನಿನ್ನಂಗೇ ನಿನ್ ಹಗ್ಗಕ್ಕೂ ಮುಪ್ಪು ಬಂತು,” ಎಂದ. ಸಂತೆ ನಕ್ಕಿತು.

ಅಜ್ಜಿ ಕಿತ್ತ ತುಂಡನ್ನು ಎತ್ತಿ ಮೂಸಿದಳು, ಬೆರಳಲ್ಲಿ ಉಜ್ಜಿದಳು. ಅದು ನಮ್ಮದೇ ಹಗ್ಗ, ಆದರೆ ಹೊಸದಲ್ಲ. ಅವನ ಮನೆಯ ಬಾವಿಯಲ್ಲಿ ವರ್ಷಗಟ್ಟಲೆ ನೀರು ಸೇದಿ ಕೊಳೆತದ್ದು. “ಇದು ಬಾವಿ ಹಗ್ಗ ಅಲ್ವೇನಪ್ಪ?” ಎಂದು ಕೇಳಿದಳು. ನಗುವಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಅವಳ ಸೊಂಟದ ಹತ್ತಿರ ನಿಂತಿದ್ದ ನನಗೆ ಕೇಳಿಸಿತು, ಅವನಿಗೂ ಕೇಳಿಸಿತು. ಅವನು ಬೇರೆ ಕಡೆ ತಿರುಗಿಕೊಂಡ.

ಆಮೇಲೆ ನಮ್ಮ ಹಗ್ಗವನ್ನು ಕೇಳುವವರಿಲ್ಲ. ಅಪ್ಪ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರಲು ಹೋದ. ರಾಟೆಯ ಮೇಲೆ ಕೋಳಿ ಕೂರತೊಡಗಿತು. ಅಜ್ಜಿ ಮಾತ್ರ ಉಳಿದ ನಾರಿನಲ್ಲಿ ಒಂದು ಹಗ್ಗ ಹೊಸೆದಳು. ಅಷ್ಟು ನಯವಾದದ್ದನ್ನು ನಾನು ಮತ್ತೆ ನೋಡಿಲ್ಲ. ಅದನ್ನು ಸುತ್ತಿ ಅಟ್ಟದ ತೊಲೆಗೆ ನೇತುಹಾಕಿ, ಮುಟ್ಟಿದವರ ಕೈ ಮುರಿಯುತ್ತೇನೆ ಎಂದಳು.

ಕೆಲವು ವರ್ಷಗಳ ಮೇಲೆ ಸಾಹುಕಾರ ಸತ್ತ. ಚಟ್ಟ ಕಟ್ಟಲು ನಾರಿನ ಹಗ್ಗವೇ ಆಗಬೇಕು, ಅದು ಹೆಣದ ಜೊತೆ ಬೂದಿಯಾಗಬೇಕು. ಪೇಟೆಯಲ್ಲಿ ಎಲ್ಲಿ ಹುಡುಕಿದರೂ ಒಂದು ಮಾರು ಹಗ್ಗ ಸಿಗಲಿಲ್ಲ. ಸಿಗದ ಹಾಗೆ ಮಾಡಿದವನು ಅವನೇ ಅಲ್ಲವೆ. ಅವನ ಮಗ ಬರಿಗಾಲಲ್ಲಿ ನಮ್ಮ ಬಾಗಿಲಿಗೆ ಬಂದು ನಿಂತ. ತಲೆ ಎತ್ತಿದರೆ ತೊಲೆಯ ಹಗ್ಗ ಕಾಣುತ್ತಿತ್ತು.

“ಅಜ್ಜಿ, ಅದನ್ನ ಕೊಡು. ಹೆಣ ಕಾಯ್ತಾ ಐತೆ.”

“ನಂದು ಮುಪ್ಪಾಗಿರೋ ಹಗ್ಗ ಕಣಪ್ಪ,” ಎಂದಳು ಅಜ್ಜಿ, ರಾಗಿ ಕೇರುವುದನ್ನು ನಿಲ್ಲಿಸದೆ. “ದಾರೀಲಿ ಕಿತ್ತೋದ್ರೆ ನಿಮ್ಮಪ್ಪ ಬಿದ್ದೋಯ್ತಾರೆ. ನಿಮ್ಮಂಗ್ಡೀದು ಗಟ್ಟಿ ಹಗ್ಗ ಐತಲ್ಲ, ಅದ್ರಾಗೇ ಕಟ್ಟು.”

ನೀಲಿ ಹಗ್ಗದಲ್ಲೇ ಕಟ್ಟಿದರು. ಸುಡುಗಾಡಿನಲ್ಲಿ ಗಂಟು ಬಿಚ್ಚಲು ಬರದೆ ಹಾಗೇ ಸೌದೆಯ ಮೇಲಿಟ್ಟರು. ಸೌದೆ ಒಟ್ಟಲು ಹೋಗಿದ್ದ ಅಪ್ಪ, ಮೂಳೆ ಆಯುವ ದಿನವೂ ಹೋಗಿ ಬಂದು ಹೇಳಿದ: “ಅವ್ವ, ಹಗ್ಗ ಉರೀಲಿಲ್ಲ. ಕರಗಿ ಹನಿಹನಿಯಾಗಿ ಮೂಳೆಗೆಲ್ಲ ಅಂಟ್ಕೊಂಡೈತೆ. ಎಷ್ಟು ಕೆರೆದ್ರೂ ಬರಾಕಿಲ್ಲ. ಹಂಗೇ ಗಡಿಗೇಗೆ ಹಾಕ್ಕೊಂಡು ಶ್ರೀರಂಗಪಟ್ಣಕ್ಕೆ ಹೋದ್ರು, ಹೊಳೇಗೆ ಬಿಡಾಕೆ.”

“ಅಂಟ್ಕಳ್ಳಿ ಬುಡು. ಅವನು ನೀರಲ್ಲೂ ಕರಗ್ಬಾರ್ದು,” ಎಂದ ಅಜ್ಜಿ ಅವತ್ತು ಇನ್ನೊಂದು ಮುದ್ದೆ ಹಾಕಿಸಿಕೊಂಡು ಉಂಡಳು. ಪಾಪ ಅನ್ನಬೇಕಿತ್ತೇನೋ. ನನಗೂ ಅವತ್ತಿನ ಸಾರು ಬಹಳ ರುಚಿಯಾಗಿತ್ತು.

ನಾನು ತುಮಕೂರಿನಲ್ಲಿ ಬಿ.ಎಸ್ಸಿ. ಓದುವಾಗ ಅಜ್ಜಿ ಹೋದಳು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು. ಯಾರ ಕಾಲೂ ಹಿಡಿಯದೆ ಹತ್ತಿದೆ. ಬಸ್ಸಿಳಿದು ಬರುವಷ್ಟರಲ್ಲಿ ಅಪ್ಪ ತೊಲೆಯಿಂದ ಆ ಹಗ್ಗ ಇಳಿಸಿದ್ದ. ಸಾಹುಕಾರನಿಗೆ ಕೊಡದೆ ಅದನ್ನು ಯಾರಿಗಾಗಿ ಇಟ್ಟಿದ್ದಳು ಎಂದು ಆಗ ತಿಳಿಯಿತು. ಹಗ್ಗ ಒಣಹುಲ್ಲಿನಂತೆ ಹೊತ್ತಿಕೊಂಡಿತು. ಮರುದಿನ ಅವಳದು ಯಾವುದು, ಹಗ್ಗದ್ದು ಯಾವುದು ಎಂದು ಹೇಳಲಾಗದಂಥ ಬಿಳಿ ಬೂದಿ. ಕೆರೆಗೆ ಬಿಟ್ಟೆವು. ಕಣ್ಣೆದುರೇ ಇಲ್ಲವಾದಳು.

ಕಡಲ ಜೀವಿಗಳನ್ನು ಪರೀಕ್ಷಿಸುವ ಕೆಲಸ ಸಿಕ್ಕಿ ನಾನು ತೀರ ಸೇರಿ ಎಷ್ಟೋ ವರ್ಷವಾದ ಮೇಲೆ ಕಾವೇರಿ ಕಡಲು ಸೇರುವ ಕಡೆಗೆ ಹೋದದ್ದು. ಮೊದಲು ಹೇಳಿದ ಆ ಕೆಸರನ್ನು ಅವತ್ತೇ ಜರಡಿ ಹಿಡಿದು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಒಂದು ಚಿಪ್ಪುಮೀನಿನ ಹೊಟ್ಟೆಯಲ್ಲಿ, ಸಾಸಿವೆಗಿಂತ ಚಿಕ್ಕದು, ನೀಲಿ ಪ್ಲಾಸ್ಟಿಕ್ಕಿನ ಹನಿ. ಯಾವ ಬೆಸ್ತರ ಬಲೆಯದೋ, ಯಾರ ಮನೆಯ ಬಕೆಟ್ಟಿನದೋ. ಓದಿದವಳು, ನನಗಷ್ಟು ಗೊತ್ತು. ಆದರೆ ನನ್ನ ಬಾಯಲ್ಲಿ ಬಂದದ್ದು “ಬಂದ್ಯಾ” ಎಂಬ ಮಾತು. ಅಜ್ಜಿ ಹಾಕಿದ ಶಾಪ ಫಲಿಸಿತ್ತು. ಅವನು ಕರಗಿಲ್ಲ. ಬರೀ ಸಣ್ಣಗಾಗಿದ್ದಾನೆ. ಇನ್ನೂ ಸಣ್ಣಗಾಗುತ್ತಾನೆ, ಮೀನಿಗೆ, ಮೀನು ತಿಂದವರಿಗೆ ಸೇರುತ್ತಾನೆ, ಹೋಗುವುದಿಲ್ಲ. ನನ್ನ ಹೊಟ್ಟೆಯುರಿ ಅದಕ್ಕೇ. ಸುಳ್ಳು ಹಗ್ಗ ಕಟ್ಟಿ ನಗಿಸಿದವನು ಸಮುದ್ರದ ತುಂಬ ಉಳಿದುಕೊಂಡ. ಅವಳನ್ನು ನಾನು ಯಾವ ಕೆಸರು ಬಗೆದರೂ ಹೆಕ್ಕಲಾರೆ.

ಆ ಹನಿಯನ್ನು ಚಿಮಟದಲ್ಲಿ ಎತ್ತಿ ಶೀಶೆಗೆ ಹಾಕಿ ಮುಚ್ಚಳ ಬಿಗಿದೆ. ಇವತ್ತಿಗೂ ಅದು ನನ್ನ ಮೇಜಿನ ಮೇಲಿದೆ, ಬಿಡುವ ಮನಸ್ಸಿಲ್ಲ. ಅವತ್ತು ಊಟದ ಹೊತ್ತಿಗೆ ಎಲ್ಲರೂ ಕೈ ತೊಳೆಯಲು ಎದ್ದರು. ನಾನು ಕೂತೇ ಇದ್ದೆ. ಬೆರಳುಗಳಲ್ಲಿ ಇನ್ನೂ ಸ್ವಲ್ಪ ಕೆಸರಿನ ವಾಸನೆ ಉಳಿದಿತ್ತು.