ದೋಣಿಯ ಬೀಡಿಂಗಿಗೆ ಹುಣಸೆಹುಳಿ

ಇವತ್ತು ಬೆಳಗ್ಗೆ ಅಡುಗೆಮನೆಯಲ್ಲಿ ಹುಣಸೆಹುಳಿ ಕುದಿಯುತ್ತಿತ್ತು. ಸಾರಿಗಲ್ಲ. ಸೊಸೆ ಅಲ್ಯೂಮಿನಿಯಂ ಬೋಗುಣಿಗೆ ಸೋಡಾ ಹಾಕಿ ತಿಕ್ಕಿ ಕರ್ರಗೆ ಮಾಡಿಟ್ಟಿದ್ದಳು. "ಹೊಸಾದು ತಗಂಡ್ರಾತು ಬಿಡ್ರಿ ಅತ್ತೆ" ಎಂದಳು. ಏನು ಮಾತು ಅಂತೀನಿ! ಮನೆಗೆ ಬಂದ ಹೊಸ ಹುಣಸೆಹಣ್ಣಿನಲ್ಲಿ ಒಂದು ಹಿಡಿ ಕಿವುಚಿ, ಅದೇ ಬೋಗುಣಿಯಲ್ಲಿ ಕುದಿಯಲಿಟ್ಟೆ. ಹುಳಿಯ ಆವಿ ಮೂಗಿಗೆ ಹೊಡೆದದ್ದೇ ತಡ, ಗೋಡೆಯಾಚೆಯ ಚಾಚಾ ನೆನಪಾದರು...

ಚಳ್ಳಕೆರೆಯಲ್ಲಿ ನಮ್ಮ ಎಣ್ಣೆ ಗಿರಣಿಗೆ ಅಂಟಿಕೊಂಡೇ ಅವರ ಶೆಡ್ಡು, ಶೆಡ್ಡಿನ ಹಿಂದೆ ಮನೆ. ಲಾರಿ ಬಾಡಿ ಕೆಲಸ ಅವರದು. ಲಾರಿಗಳ ಅಂಚಿಗೆ ಹೊಡೆದ ಅಲ್ಯೂಮಿನಿಯಂ ಪಟ್ಟಿಗೆ ಅವರು ಬೀಡಿಂಗು ಎನ್ನುತ್ತಿದ್ದರು. ಬಿಸಿಲಿಗೆ ಬಿಳಿಚಿದ ಬೀಡಿಂಗನ್ನು ಉಜ್ಜಿ ಉಜ್ಜಿ ಮುಖ ಕಾಣುವಂತೆ ಮಾಡುತ್ತಿದ್ದರು. ಆದರೆ ಕೆಲಸ ಮುಗಿದ ಮೇಲೆ "ನೋಡು" ಎಂದದ್ದನ್ನು ನಾನು ಕೇಳಿಯೇ ಇಲ್ಲ. "ಮುಟ್ಟಿ ನೋಡು ಬೇಟಿ" ಎನ್ನುತ್ತಿದ್ದರು. "ಕಾಣ್ತೈತಲ್ಲ ಚಾಚಾ, ನನಗೇನು ಕಣ್ಣಿಲ್ವಾ?" ಎಂದು ನಾನು ರೇಗಿದರೆ ನಗುತ್ತಿದ್ದರು. ಕಣ್ಣು ಮೋಸ ಹೋಗ್ತೈತೆ, ಕೈ ಹೋಗಲ್ಲ ಎಂಬುದು ಅವರ ಲೆಕ್ಕ.

ನಮ್ಮ ಹಳ್ಳಿ ತಳಕು ಎಂಬ ಊರಿನ ಆಚೆ. ಅಲ್ಲಿನ ಕೆರೆ ತುಂಬಿ ಕೋಡಿ ಬಿದ್ದ ವರ್ಷ ಇದು ನಡೆದದ್ದು. ಅವ್ವ ಸೊಸೆಯಾಗಿ ಬಂದಾಗ ಕೆರೆಯಲ್ಲಿ ದನ ಮೇಯುತ್ತಿದ್ದವಂತೆ. ಕೆರೆ ತುಂಬಿದರೆ ನಡುನೀರಿಗೆ ಹೋಗಿ ಬಾಗಿನ ಬಿಡುತ್ತೇನೆ ಎಂದು ಆಗಲೇ ಹರಕೆ ಹೊತ್ತಿದ್ದಳು. ಮುಪ್ಪಿನಲ್ಲಿ ಕೆರೆ ತುಂಬಿತು, ಅವ್ವ ಹಟ ಹಿಡಿದಳು. ದಂಡೆಯಲ್ಲಿ ಬಿಟ್ಟರೆ ಆಗದಂತೆ, ನಡುನೀರೇ ಬೇಕಂತೆ. ನಮ್ಮ ಸೀಮೆಯಲ್ಲಿ ದೋಣಿ ಎಲ್ಲಿಂದ ತರೋದು? ಅಣ್ಣ ಯಾವುದೋ ಡ್ಯಾಮಿನ ಕಡೆ ಮೂಲೆಗೆ ಬಿದ್ದಿದ್ದ ಫೈಬರ್ ದೋಣಿಯನ್ನು ಲಾರಿಯ ಮೇಲೆ ಹೇರಿಸಿಕೊಂಡು ಬಂದ. ದೋಣಿಯ ಮೇಲಿನ ಅರ್ಧವೂ ಕೆಳಗಿನ ಅರ್ಧವೂ ಸೇರುವ ಕಡೆ ಸುತ್ತಲೂ ಎರಡನ್ನೂ ಬಿಗಿದು ಹಿಡಿಯುವ ಅಲ್ಯೂಮಿನಿಯಂ ಪಟ್ಟಿ. ಅದಕ್ಕೆ ಬಿಳಿ ಬೂಷ್ಟು ಹಿಡಿದಿತ್ತು. ಗಿರಣಿ ಅಂಗಳದಲ್ಲಿ ಇಳಿಸಿದ ಮೇಲೆ ಎಣ್ಣೆ ಜಿಡ್ಡೂ ಮೆತ್ತಿಕೊಂಡಿತು.

"ಇದು ನಿಮ್ಮ ಬೀಡಿಂಗೇ ಅಲ್ವಾ ಚಾಚಾ? ಹೊಳಿಯಂಗೆ ಮಾಡ್ರಿ" ಎಂದ ಅಣ್ಣ.

ಜಿಡ್ಡು ಕಂಡರೆ ನಮ್ಮ ಕಡೆಯವರ ಕೈ ಸವುಳು ಮಣ್ಣಿಗೇ ಹೋಗುತ್ತದೆ. ಹೊಲದ ಬದುವಿನಲ್ಲಿ ಬೆಳ್ಳಗೆ ಉಬ್ಬುವ ಆ ಮಣ್ಣಿನಲ್ಲೇ ಬಟ್ಟೆ, ಡಬ್ಬ ಎಲ್ಲ ತೊಳೆದವರು ನಾವು. ಚಾಚಾ ಕೂಡ ಅವಸರಕ್ಕೆ ಸವುಳು ಕಲಸಿ ಪಟ್ಟಿಗೆ ಮೆತ್ತಿಬಿಟ್ಟರು. ಬೆಳಗಾಗುವುದರಲ್ಲಿ ಪಟ್ಟಿ ಹೆಂಚಿನ ಬೆನ್ನಿನಂತೆ ಕರ್ರಗಾಗಿತ್ತು. ಬಾಗಿನ ಮಾರನೇ ದಿನ. ಅಣ್ಣ ಅಂಗಳದಲ್ಲಿ ನಿಂತು ಕೂಗಾಡಿದ. ಶುಭಕ್ಕೆ ಕರೀ ದೋಣಿ ಒಯ್ಯಲಾ ಎಂದ. ಚಾಚಾ ತಲೆ ಎತ್ತಲಿಲ್ಲ. ಅವ್ವ ಹೊರಗೆ ಬಂದು ಚಾಚಾರ ಕಡೆ ತಿರುಗಿ ಸೆರಗು ಸಿಕ್ಕಿಸಿದಳು.

"ಸವುಳು ಹಾಕಿದ್ರೆ ಕರ್ರಗಾಗದೆ ಇನ್ನೇನಪ್ಪಾ? ನನ್ನ ಒಂದ್ಮಾತು ಕೇಳಬಾರದಾ? ಲಾರಿ ನಿನ್ನದು, ಪಾತ್ರೆ ನಂದು."

ಹಂಡೆಯಲ್ಲಿ ಹುಣಸೆಹುಳಿ ಕುದಿಯಿತು. ಅವ್ವ ಒಂದು ಕಡೆಯಿಂದ, ಚಾಚಾ ಇನ್ನೊಂದು ಕಡೆಯಿಂದ ಬಟ್ಟೆ ಅದ್ದಿ ಉಜ್ಜಿದರು. ಕಪ್ಪು ಬಿಟ್ಟಿತು. ಸಂಜೆಗೆ ಪಟ್ಟಿ ಬೆಳ್ಳಿ ಉಡಿದಾರದಂತೆ ಹೊಳೆಯಿತು. ಎಲ್ಲರೂ ಭೇಷ್ ಎಂದರು, ಚಾಚಾ ಮಾತ್ರ ನಗಲಿಲ್ಲ. ಪಟ್ಟಿಯ ಮೇಲೆ ಹೆಬ್ಬೆರಳು ಒತ್ತುತ್ತಾ ಸುತ್ತಿದರು. ಸ್ಕ್ರೂ ಹೊಡೆದಿದ್ದ ಹಳೇ ತೂತುಗಳು ಸವೆದು ಅಗಲವಾಗಿದ್ದವು. ಹೊಸ ಸ್ಕ್ರೂ ಹಾಕಿದರೆ ಸುಮ್ಮನೆ ತಿರುಗುತ್ತಿದ್ದವು. "ಒಂದು ವಾರ ಟೈಮ್ ಕೊಡ್ರಿ" ಎಂದರು. ಊರಿಗೆಲ್ಲ ಹೇಳಿ ಆಗೈತೆ ಎಂದು ಅಣ್ಣ ಕಿವಿಗೇ ಹಾಕಿಕೊಳ್ಳಲಿಲ್ಲ. ಅವರೂ ಬೆಳಗಿನವರೆಗೆ ಏನೇನೋ ಬಿಗಿದು ನೋಡಿದರು.

ಕೆರೆ ದಂಡೆಯಲ್ಲಿ ಜನ ಕಿಕ್ಕಿರಿದಿದ್ದರು. ಅವ್ವ ಮೊಳಕಾಲ್ಮೂರು ರೇಷ್ಮೆ ಸೀರೆ ಉಟ್ಟು, ಬಾಗಿನದ ಮೊರ ಹಿಡಿದು ದೋಣಿಗೆ ಕಾಲಿಡುವಾಗ ಚಾಚಾ ಕೈ ಅಡ್ಡ ಇಟ್ಟರು.

"ಬ್ಯಾಡ ಅಕ್ಕಾ. ಹೊಳೀತೈತೆ, ಹಿಡ್ಕೊಂಡಿಲ್ಲ."

"ಇದೇನ್ರಿ ಚಾಚಾ, ತಾಳಿ ಕಟ್ಟೋ ಹೊತ್ತಿಗೆ ಹೆಣ್ಣು ಕೊಡಲ್ಲ ಅಂದಂಗಾತು!" ಅಣ್ಣ ಕೆಂಪಗಾದ. "ನಿಮ್ಮ ಕೆಲಸದ ಮೇಲೆ ನಿಮಗೇ ನಂಬಿಕೆ ಇಲ್ವಾ?"

"ಇಲ್ಲಪ್ಪಾ" ಎಂದರು ಚಾಚಾ. ಅಷ್ಟು ಜನರ ಎದುರಿಗೆ. ಯಾರೋ ಕಿಸಕ್ಕನೆ ನಕ್ಕರು.

ಅವ್ವನ ಕಣ್ಣು ತುಂಬಿತು. "ಇನ್ನೊಂದು ಸಲ ತುಂಬೋವರೆಗೂ ನಾನಿರ್ತೀನೇನಪ್ಪಾ?"

ಚಾಚಾ ಲಾರಿಯಿಂದ ಗಾಳಿ ತುಂಬಿದ ಟೈರ್ ಟ್ಯೂಬ್ ಇಳಿಸಿ ತಮ್ಮ ಸೊಂಟಕ್ಕೆ ಏರಿಸಿದರು. ಅದಕ್ಕೆ ಲೋಡು ಕಟ್ಟುವ ಉದ್ದನೆಯ ಹಗ್ಗ ಬಿಗಿದು, ತುದಿಯನ್ನು ಅಣ್ಣನ ಕೈಗೆ ಕೊಟ್ಟರು. "ಮೊರ ಕೊಡ್ರಿ ಅಕ್ಕಾ." ಸಾಬರ ಕೈಲಾ ಬಾಗಿನ, ಎಂದು ಹಿಂದೆ ಯಾರೋ ಗೊಣಗಿದರು. ಅವ್ವ ತಿರುಗಿ ನೋಡಿದ ನೋಟಕ್ಕೆ ಆ ದನಿ ಮತ್ತೆ ಏಳಲಿಲ್ಲ. ಅಯ್ಯೋ, ಚಾಚಾಗೆ ಈಜು ಬರುತ್ತಿರಲಿಲ್ಲ. ಚಳ್ಳಕೆರೆಯಲ್ಲಿ ಯಾರಿಗೆ ಬರುತ್ತದೆ?

ಹುಟ್ಟು ಹಾಕುತ್ತಾ ಹೋದರು. ಅಣ್ಣ ಹಗ್ಗ ಬಿಡುತ್ತಾ ಹೋದ. ತಮಟೆ ನಿಂತಿತ್ತು. ನಡುನೀರು ಮುಟ್ಟುವ ಹೊತ್ತಿಗೆ ದೋಣಿ ಒಂದು ಮಗ್ಗುಲಿಗೆ ವಾಲಿತು. ಪಟ್ಟಿಯ ತುದಿ ಕಿತ್ತುಕೊಂಡು ಮೇಲೆದ್ದು ಬಿಸಿಲಿಗೆ ಝಗ್ಗೆಂದಿತು. ಸಂದಿಯಿಂದ ನೀರು ನುಗ್ಗಿತು. "ಬಿಟ್ಟು ಬಾರಪ್ಪೋ!" ಎಂದು ಅವ್ವ ಚೀರಿದಳು. ಚಾಚಾ ದೋಣಿಯೊಳಗೇ ಮೊಣಕಾಲುದ್ದ ನೀರಿನಲ್ಲಿ ನಿಂತು, ಎರಡೂ ಕೈಯಲ್ಲಿ ಮೊರವನ್ನು ಮೆಲ್ಲಗೆ ಕೆರೆಗೆ ಇಳಿಸಿದರು. ಆಮೇಲೆ ದೋಣಿಯೂ ಇಲ್ಲ, ಚಾಚಾ ಕೂಡ ಇಲ್ಲ...

ಕರೀ ಟ್ಯೂಬು ಮೇಲೆ ಬಂತು, ಅದಕ್ಕೆ ಆತುಕೊಂಡ ತಲೆಯೂ ಬಂತು. ಅಣ್ಣ ಅಳುತ್ತಲೇ ಹಗ್ಗ ಎಳೆದ. ದಂಡೆಗೆ ಬಿದ್ದವರ ಒದ್ದೆ ಬೆನ್ನಿಗೆ ಅವ್ವ ಪಟಪಟ ಬಾರಿಸಿದಳು. "ನಿನ್ನ ಹೆಂಡ್ತಿಗೆ ಏನ್ ಹೇಳ್ಬೇಕಿತ್ತೋ ನಾನು?" ಚಾಚಾ ಕೆಮ್ಮಿ ನೀರು ಉಗುಳಿದರು. "ಹರಕೆ ಮುಟ್ಟಿಸಿದೀನಿ ಅಕ್ಕಾ."

ಅವ್ವ ಅದಾದ ಮೇಲೆ ಎಷ್ಟೋ ಯುಗಾದಿಗಳ ಬೇವುಬೆಲ್ಲ ತಿಂದಳು. ತನ್ನ ಮಂಚದ ಮೇಲೇ ಕಣ್ಣು ಮುಚ್ಚಿದಳು. ಅವಳಿರುವಷ್ಟು ಕಾಲ ಪ್ರತಿ ವರ್ಷ ಹೊಸ ಹುಣಸೆಹಣ್ಣು ಬಂದರೆ ಮೊದಲ ಪಾಲು ಗೋಡೆಯಾಚೆಗೆ. "ಚಾಚಾಗೆ ಕೊಡು, ಸವುಳು ಮುಟ್ಟಬ್ಯಾಡ ಅನ್ನು" ಎಂದು ನಗುತ್ತಿದ್ದಳು. ಅವಳು ಹೋದ ಮೇಲೆ ಆ ಪಾಲು ಒಯ್ಯುವ ಕೆಲಸ ನನ್ನದಾಗಿತ್ತು.

ಬೋಗುಣಿ ಬೆಳ್ಳಗಾಯಿತು. "ಮುಟ್ಟಿ ನೋಡು" ಎಂದೆ ಸೊಸೆಗೆ. "ಕಾಣ್ತೈತಲ್ಲ ಅತ್ತೆ" ಎಂದಳು. ಹುಣಸೆಹಣ್ಣಿನ ಮೊದಲ ಪಾಲನ್ನು ಕಾಗದದಲ್ಲಿ ಸುತ್ತಿ, ಚಪ್ಪಲಿ ಮೆಟ್ಟಿ, ಗಿರಣಿ ದಾಟಿ ಶೆಡ್ಡಿನವರೆಗೂ ಹೋದೆ. ಬಾಗಿಲಿಗೆ ಬೀಗ. ಹೋದ ಚಳಿಗಾಲದಲ್ಲಿ ಚಾಚಾರನ್ನು ಮಣ್ಣು ಮಾಡಿ ಬಂದ ದಿನ ಅವರ ಮಗ ಹಾಕಿದ ಬೀಗ... ಗೊತ್ತಿದ್ದೂ ಬಂದಿದ್ದೆ. ಕೈ ಚಾಚಿ ಆ ಬೀಗ ಮುಟ್ಟಿ ನೋಡಿದೆ.