‘ಅಂತೆ’ಯ ಬೆನ್ನು ಹತ್ತಿದ ಅರಬಾ ಆಂಟಿ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಗ್ರಂಥಾಲಯದ ಹಿಂಬದಿ ಜಗಲಿಯಲ್ಲಿ ಒಂದೇ ಒಂದು ಟ್ಯೂಬ್‌ಲೈಟು, ಅದರ ಕೆಳಗೆ ಉದ್ದನೆಯ ಸಿಮೆಂಟಿನ ಬೆಂಚು. ಅರಬಾ ಅರ್ಕೊಫುಲ್ ಬೆಂಚಿನ ಮೇಲೆ ಬಿದ್ದ ಬಾದಾಮಿ ಎಲೆಗಳನ್ನು ಕೈಯಿಂದಲೇ ಗುಡಿಸಿ, ತುದಿಯಲ್ಲೊಂದು ಎನಾಮಲ್ ಬೋಗುಣಿ ಇಡುತ್ತಾರೆ. ಒಂದು ಕಾಲದಲ್ಲಿ ಮೀನು ಹೊರುತ್ತಿದ್ದ ಬೋಗುಣಿ ಅದು. ಈಗ ಕಣ್ಣುಜ್ಜುತ್ತಾ ಬರುವ ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ತಮ್ಮ ಪೆನ್ನುಗಳನ್ನು ಅದರೊಳಗೆ ಹಾಕಿ ಕೂರುತ್ತಾರೆ.

“ಆ ಹಳದಿ ಹೈಲೈಟರೂ ಹಾಕಪ್ಪ,” ಎಂದು ಅರಬಾ ಒಬ್ಬನನ್ನು ಹಿಡಿಯುತ್ತಾರೆ. “ಜೇಬಲ್ಲಿರೋದು ನಂಗೆ ಕಾಣಲ್ಲ ಅಂದ್ಕೊಂಡ್ಯಾ? ಕೈಗೆ ಅದು ಸಿಕ್ಕಿದ್ರೆ ಇಡೀ ಪುಟಕ್ಕೆ ಅರಿಶಿಣ ಬಳಿದು, ಓದಿದೆ ಅಂತ ಎದ್ದು ಹೋಗ್ತೀಯ.”

ಕೇಪ್‌ಕೋಸ್ಟ್ ಎಂಬ ಕಡಲತಡಿಯ ಪಟ್ಟಣದಾಚೆ ಗುಡ್ಡದ ಮೇಲಿರುವ ಈ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಅರಬಾಗೆ ಪಾಠ ಮಾಡುವ ಕೆಲಸ ಇಲ್ಲ. ಅವರು ಗ್ರಂಥಾಲಯದ ಅಟೆಂಡರ್. ಎಂಟು ಗಂಟೆಗೆ ಬಾಗಿಲು ತೆರೆದು, ದಿನಕ್ಕೆ ಇನ್ನೂರು ಇನ್ನೂರೈವತ್ತು ಪುಸ್ತಕ ಮರಳಿ ಕಪಾಟಿಗೆ ಸೇರಿಸಿ, ಧೂಳು ಹೊಡೆದು, ಸಂಜೆ ಐದಕ್ಕೆ ಬೀಗ ಹಾಕುವುದು ಅವರ ನೌಕರಿ. ಬೆಳಗಿನ ಈ ಬೆಂಚು ಯಾವ ಆದೇಶದಲ್ಲೂ ಇಲ್ಲ. ಆದರೂ ಒಂಬತ್ತು ವರ್ಷದಿಂದ, ಮಂಗಳವಾರ ಭಾನುವಾರ ಬಿಟ್ಟು, ಐದರಿಂದ ಆರೂವರೆವರೆಗೆ ಅದು ನಡೆದೇ ಇದೆ. ಮಂಗಳವಾರ ಏಕೆ ರಜೆ ಎಂದರೆ, “ನಾನು ಮಂಗಳವಾರ ಹುಟ್ಟಿದೋಳು, ಅದಕ್ಕೇ ಅರಬಾ ಅಂತ ಹೆಸರು. ಅವತ್ತು ಕಡಲಿಗೇ ರಜೆ, ಯಾವ ದೋಣಿನೂ ಇಳಿಯಲ್ಲ. ನಂಗೇನು ಕಡಲಿಗಿಂತ ಜಾಸ್ತಿ ಕೆಲ್ಸಾನಾ?” ಎಂದು ನಗುತ್ತಾರೆ.

ಬೆಂಚಿಗೆ ಬರುವವರು ಹೆಚ್ಚಾಗಿ ಒಂದೇ ಪತ್ರಿಕೆಯಲ್ಲಿ ನಪಾಸಾದವರು. ಹಿಂದೆಂದೂ ಕಾಣದ ಒಂದು ಬರಹವನ್ನು ಕೊಟ್ಟು, ಇದನ್ನು ಬರೆದವರು ಏನು ಹೇಳುತ್ತಿದ್ದಾರೆ, ಅದಕ್ಕೆ ಆಧಾರವೇನು, ನೀವು ಒಪ್ಪುತ್ತೀರಾ ಎಂದು ಕೇಳುವ ಪತ್ರಿಕೆ. ಕಂಠಪಾಠಕ್ಕೆ ಬಗ್ಗುವುದಿಲ್ಲ. ಕಂಠಪಾಠವೊಂದನ್ನೇ ನಂಬಿ ಇಲ್ಲಿವರೆಗೆ ಬಂದ ಮಕ್ಕಳಿಗೆ ಅದು ಕಬ್ಬಿಣದ ಕಡಲೆ. ಅಗಿ, ಸುರಿ, ಪಾಸಾಗು, ಮರೆತುಬಿಡು ಎಂದು ಅವರೇ ತಮ್ಮ ಓದನ್ನು ಗೇಲಿ ಮಾಡಿಕೊಳ್ಳುತ್ತಾರೆ. ಗೇಲಿ ಮಾಡಿಕೊಂಡು, ಮತ್ತೆ ಅಗಿಯಲು ಕೂರುತ್ತಾರೆ.

ಈ ವರ್ಷ ಬೆಂಚಿನ ಮೇಲೆ ಹನ್ನೆರಡು ಮಂದಿ. ಕೊನೆಯಲ್ಲಿ, ಬೋಗುಣಿಯ ಪಕ್ಕ ಕೂರುವವಳು ಅಜೋವಾ ಎಶುನ್. ಇಪ್ಪತ್ತೇಳು ವರ್ಷ. ಮೌರಿ ಎಂಬ ಮೀನುಗಾರರ ಊರಿನವಳು, ಅಂದರೆ ಅರಬಾ ಅವರ ಊರಿನವಳೇ. ಎಂಟು ವರ್ಷ ತಾಯಿಯೊಂದಿಗೆ ಹೊಗೆ ಒಲೆಯ ಮುಂದೆ ಕೂತು ಮೀನು ಒಣಗಿಸಿ, ಮಗಳನ್ನು ಅದೇ ತಾಯಿಯ ಬಳಿ ಬಿಟ್ಟು, ಟೀಚರಾಗಬೇಕೆಂದು ಹಟ ಹಿಡಿದು ಬಂದಿದ್ದಾಳೆ. ಆ ಪತ್ರಿಕೆಯಲ್ಲಿ ಒಮ್ಮೆ ನಪಾಸಾಗಿದ್ದಳು. ಈ ಕಥೆ ಶುರುವಾದಾಗ ಮರುಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು. ಅದರಲ್ಲೂ ಹೋದರೆ ಕಾಲೇಜಿನ ನಿಯಮದಂತೆ ಗಂಟುಮೂಟೆ ಕಟ್ಟಬೇಕಿತ್ತು. ಮರಳಿ ಒಲೆಯ ಮುಂದೆ.

ಆಕೆ ಬೆಂಚಿಗೆ ಬಂದ ಕಥೆಯನ್ನು ಅರಬಾ ಎಷ್ಟು ಸಲ ಹೇಳಿದರೂ ದಣಿಯುವುದಿಲ್ಲ. ಯಾವುದೋ ವಿಷಯದ ಟಿಪ್ಪಣಿಯನ್ನು ಟೈಪು ಮಾಡುವಾಗ ಒಂದು ತಪ್ಪಾಗಿತ್ತು. ಹೊಗೆಯಲ್ಲಿ ಒಣಗಿಸಿದ ಮೀನು ಮೂರು ವಾರ ಕೆಡುವುದಿಲ್ಲ ಎಂದಿರಬೇಕಾದಲ್ಲಿ ಮೂರು ವರ್ಷ ಎಂದಾಗಿತ್ತು. ತರಗತಿಯ ಅರವತ್ತೊಂದು ಮಂದಿಯೂ ಪರೀಕ್ಷೆಯಲ್ಲಿ ಮೂರು ವರ್ಷ ಎಂದೇ ಬರೆದರು. ಅಜೋವಾ ಕೂಡ.

“ನಾನು ಕರೆದು ಕೇಳ್ದೆ,” ಅರಬಾ ಅಭಿನಯಿಸಿ ತೋರಿಸುತ್ತಾರೆ. “ಅಲ್ವೇ ಅಜೋವಾ, ನಿಮ್ಮಮ್ಮನ ಬುಟ್ಟೀಲಿ ಮೂರು ವರ್ಷದ ಮೀನು ಯಾವತ್ತಾದ್ರೂ ನೋಡಿದೀಯಾ?”

“ಇಲ್ಲ ಆಂಟಿ.”

“ಮೂರು ತಿಂಗಳಿಂದು?”

“ಹುಳ ಬೀಳುತ್ತೆ ಆಂಟಿ.”

“ಮತ್ತೆ ಯಾಕೆ ಬರೆದೆ?”

“ಟಿಪ್ಪಣೀಲಿತ್ತಲ್ಲ.”

ಅರಬಾ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ನಕ್ಕು ಮುಗಿದ ಮೇಲೆ ಅಳು ಬಂತು ಎಂದೂ ಹೇಳುತ್ತಾರೆ. ಎಂಟು ವರ್ಷ ಕೈ ಸುಟ್ಟುಕೊಂಡು ಕಲಿತ ವಿದ್ಯೆಯನ್ನು ಒಂದು ಸಾಲು ಅಚ್ಚಿನಕ್ಷರ ಕಂಡೊಡನೆ ಬಿಟ್ಟುಕೊಟ್ಟ ಹುಡುಗಿ. “ಪೇಪರ್ ಮೇಲೆ ಬಂದಿದ್ದೆಲ್ಲ ದೇವರ ಮಾತು ಅಂದ್ಕೊಂಡಿದೀವಿ. ನಮ್ಮ ಕಣ್ಣಿಗೆ ನಾವೇ ಬೆಲೆ ಕೊಡಲ್ಲ,” ಎನ್ನುವಾಗ ಅವರ ದನಿಯಲ್ಲಿ ಸಿಟ್ಟಿದೆ.

ಅರಬಾ ಅವರ ಬಳಿ ಇರುವ ಪಾಠಕ್ರಮ ಒಂದೇ ಒಂದು ಪದ. ಆ ಸೀಮೆಯ ಫಾಂಟೆ ಮಾತಿನ ‘ವೊಸೆ’. ಅವರು ಹೇಳುತ್ತಾರೆ, ಹಾಗಂತೆ ಎಂದು ಅದರ ಅರ್ಥ. ನಮ್ಮ ‘ಅಂತೆ’ಯ ಅವಳಿ. ಮೀನುಪೇಟೆ ನಡೆಯುವುದೇ ಈ ಪದದ ಮೇಲೆ. ಅರಬಾ ಹತ್ತೊಂಬತ್ತರ ಹುಡುಗಿಯಾಗಿದ್ದಾಗ ಮೂರು ಬೋಗುಣಿ ಬೂತಾಯಿ ಮೀನು ಇಟ್ಟುಕೊಂಡು ದಡದಲ್ಲಿ ಕೂತಿದ್ದರು. ಎಲ್ಮಿನಾ ಕಡೆಯಿಂದ ದೋಣಿಗಳು ತುಂಬಿ ಬರುತ್ತಿವೆಯಂತೆ ಎಂಬ ಸುದ್ದಿ ಹಬ್ಬಿತು. ರೇಟು ಬಿದ್ದೇಹೋಯಿತು. ಎಲ್ಲರಂತೆ ಅರಬಾ ಕೂಡ ಸಿಕ್ಕಿದ ಬೆಲೆಗೆ ಮಾರಿದರು. ಸಂಜೆ ಬಂದದ್ದು ಎರಡೇ ದೋಣಿ, ಅದೂ ಖಾಲಿ. ಅರಬಾ ಅವರ ಮೀನನ್ನು ಕೊಂಡಿದ್ದಾಕೆಯೇ ಸುದ್ದಿ ಹಬ್ಬಿಸಿದವಳು.

“ಅವತ್ತಿಂದ ಯಾರಾದ್ರೂ ಅಂತೆ ಅಂದ್ರೆ ಮೂರು ಕೇಳ್ತೀನಿ. ಯಾರು ಅಂದಿದ್ದು? ಅವ್ರು ಕಣ್ಣಾರೆ ಕಂಡ್ರಾ, ಕೇಳಿದ್ದಾ? ನಾನು ನಂಬಿದ್ರೆ ಅವ್ರಿಗೇನು ಲಾಭ? ಇಷ್ಟೇ. ಇದನ್ನ ಕಾಲೇಜಲ್ಲಿ ದೊಡ್ಡ ಹೆಸರಿಟ್ಟು ಕಲಿಸ್ತಾರೆ. ನಂಗೆ ಕಲಿಸಿದ್ದು ಆ ಹೆಂಗಸು, ಅವಳ ಬಾಯಿಗೆ ಮಣ್ಣು ಬೀಳ.”

ಹಾಗಾಗಿ ಬೆಂಚಿನ ಮೇಲೆ ದಿನಕ್ಕೆ ಒಂದೇ ಪುಟ, ಮೂರು ಸಲ. ಮೊದಲ ಓದು ಗಟ್ಟಿಯಾಗಿ, ಪೆನ್ನಿಲ್ಲದೆ. ಎರಡನೆಯ ಓದಿನಲ್ಲಿ ಪ್ರತಿ ವಾಕ್ಯದ ಕೊನೆಗೂ ‘ವೊಸೆ’ ಸೇರಿಸಬೇಕು. ಹಳ್ಳಿಗಳಲ್ಲಿ ಓದುವ ಹವ್ಯಾಸ ಕಡಿಮೆಯಾಗಿದೆ‑ಯಂತೆ. ಇದಕ್ಕೆ ಮೊಬೈಲೇ ಕಾರಣ‑ವಂತೆ. ಹಾಗೆ ಓದಿದೊಡನೆ ವಾಕ್ಯಗಳ ಗತ್ತು ಇಳಿದುಹೋಗುತ್ತದೆ, ಹುಡುಗರು ಕಿಸಕ್ಕನೆ ನಗುತ್ತಾರೆ. ಆಮೇಲೆ ಪೆನ್ನು ಕೈಗೆ ಬರುತ್ತದೆ. ಹಾಳೆಗೆ ನಡುವೆ ಗೀಟು ಹಾಕಿ ಒಂದು ಬದಿ ಕಂಡದ್ದು, ಇನ್ನೊಂದು ಬದಿ ಕೇಳಿದ್ದು ಎಂದು ಬೇರೆ ಮಾಡಬೇಕು.

ಮೂರನೆಯದು ಎಲ್ಲಕ್ಕಿಂತ ಕಷ್ಟ. ಗೇಟಿನ ಬಳಿ ಗಂಜಿ ಮಾರುವ ಮೆಮುನಾಗೆ ಆ ಪುಟದ ಸಾರ ಹೇಳಬೇಕು. ಮೆಮುನಾ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅಲಸಂದೆ ಹಿಟ್ಟಿನ ಕೋಸೆ ವಡೆಗಳನ್ನು ಎಣ್ಣೆಯಲ್ಲಿ ತಿರುವಿಹಾಕುತ್ತಲೇ ಕೇಳಿಸಿಕೊಳ್ಳುತ್ತಾರೆ. “ಸರಿ, ಅದಕ್ಕೇನೀಗ?” ಎಂದು ಮೆಮುನಾ ಕೇಳಿಬಿಟ್ಟರೆ ಹುಡುಗ ಸಪ್ಪೆ ಮೋರೆ ಹಾಕಿಕೊಂಡು ಬೆಂಚಿಗೆ ಮರಳುತ್ತಾನೆ. ಅರ್ಥವಾಗಿಲ್ಲ ಎಂದು ಲೆಕ್ಕ. “ಈ ಮಕ್ಳು ಬಾಯಿ ತೆಗೆದ್ರೆ ಮುಖ್ಯವಾಗಿ, ಮೊಟ್ಟಮೊದಲನೆಯದಾಗಿ ಅಂತಾವೆ. ನನ್ನ ಎಣ್ಣೆ ಹೊತ್ತಿ ಹೋಗುತ್ತೆ, ಇವ್ರ ಮೊದಲನೇದು ಮುಗಿಯಲ್ಲ,” ಎಂದು ಮೆಮುನಾ ದೂರುತ್ತಾರೆ.

ಅರಬಾ ಸ್ವತಃ ಓದಿದ್ದು ಹರಕುಮುರುಕಾಗಿ. ಹದಿನಾಲ್ಕಕ್ಕೆ ಶಾಲೆ ಬಿಡಿಸಿ ದಡಕ್ಕೆ ಕಳಿಸಿದರು. ಮೂವತ್ತಮೂರನೇ ವಯಸ್ಸಿನಲ್ಲಿ ಈ ಕಾಲೇಜಿಗೆ ಕಸ ಗುಡಿಸಲು ಸೇರಿದರು. ಗ್ರಂಥಾಲಯ ಗುಡಿಸುವಾಗ ತೆರೆದಿಟ್ಟ ಪುಸ್ತಕಗಳನ್ನು ನಿಂತು ಓದುತ್ತಿದ್ದರು. ಶಾಲೆಯ ಕೊನೆಯ ಪರೀಕ್ಷೆಗೆ ಖಾಸಗಿಯಾಗಿ ಕಟ್ಟಿ ಎರಡು ಸಲ ಡುಮ್ಕಿ ಹೊಡೆದರು, ಅದೂ ಓದಿ ಉತ್ತರಿಸುವ ಪತ್ರಿಕೆಯಲ್ಲೇ. ನಲವತ್ತೊಂದಕ್ಕೆ ಪಾಸಾದರು. ಈಗ ಐವತ್ತನಾಲ್ಕು. ಪುಸ್ತಕ ಜೋಡಿಸುವವಳು ಪಾಠ ಹೇಳುತ್ತಾಳಂತೆ ಎಂದು ಉಪನ್ಯಾಸಕರೊಬ್ಬರು ಸ್ಟಾಫ್ ರೂಮಿನಲ್ಲಿ ಆಡಿಕೊಂಡದ್ದು ಕಿವಿಗೆ ಬಿದ್ದಾಗ ಎರಡು ದಿನ ಬೆಂಚಿಗೆ ಬರಲಿಲ್ಲ. ಮೂರನೆಯ ದಿನ ಹುಡುಗರೇ ಬೋಗುಣಿ ಹೊತ್ತುಕೊಂಡು ಅವರ ಕೋಣೆಯ ಬಾಗಿಲು ತಟ್ಟಿದರು.

ಇಂಥ ಅರಬಾ ಅವರಿಗೂ ಒಂದು ವಿಷಯದಲ್ಲಿ ತಲೆ ಬಿಸಿಯಾಗುತ್ತದೆ. ಅದು ಜುಲೈ ತಿಂಗಳು. ಮೀನು ಮರಿ ಮಾಡಲಿ ಎಂದು ಸರ್ಕಾರ ಆ ತಿಂಗಳು ದೋಣಿಗಳನ್ನು ಕಡಲಿಗೆ ಬಿಡುವುದಿಲ್ಲ. ಮೌರಿಯಲ್ಲಿ ಅರಬಾ ಅವರ ಅಣ್ಣನ ದೋಣಿ ಮರಳ ಮೇಲೆ ಬೋರಲು ಬಿದ್ದಿರುತ್ತದೆ, ಮನೆಯ ಒಲೆ ತಣ್ಣಗಿರುತ್ತದೆ. ಮರುಪರೀಕ್ಷೆಗೆ ಆರು ದಿನವಿರುವಾಗ ಬೆಂಚಿಗೆ ಬಂದ ಪುಟ ಅದೇ ವಿಷಯದ ಒಂದು ದಿನಪತ್ರಿಕೆಯ ಬರಹ. ಅರಬಾ ಎರಡನೆಯ ಓದಿಗೆ ಬಿಡಲೇ ಇಲ್ಲ.

“ಇದೆಲ್ಲ ಸುಳ್ಳು. ಕಡಲು ಮುಚ್ಚಿದ್ದರಿಂದ ಒಂದು ಮೀನೂ ಹೆಚ್ಚಾಗಿಲ್ಲ. ಬರ್ಕೊಳ್ಳಿ,” ಎಂದರು. ಹನ್ನೊಂದು ಮಂದಿ ಬರೆದುಕೊಂಡರು. ಅಜೋವಾ ಪೆನ್ನು ಹಿಡಿದು ಸುಮ್ಮನೆ ಕೂತಿದ್ದಳು.

ಪರೀಕ್ಷೆಯ ದಿನ ಬೇರೆ ಊರಿನಲ್ಲಿ ತಯಾರಾಗಿ ಬಂದ ಪ್ರಶ್ನೆಪತ್ರಿಕೆ ಬಿಚ್ಚಿದರೆ, ಓದಲು ಕೊಟ್ಟ ಬರಹ ಕಡಲು ಮುಚ್ಚುವ ತಿಂಗಳನ್ನು ಕುರಿತದ್ದೇ! ಹುಡುಗರು ಹಿಗ್ಗಿಹೋದರು. ಮಧ್ಯಾಹ್ನ ಎಲ್ಲರೂ ಜಗಲಿಗೆ ಓಡಿ ಬಂದು, ನೀವು ಹೇಳಿದ್ದನ್ನೇ ಬರೆದೆವು ಆಂಟಿ ಎಂದು ಕುಣಿದರು. ಕೊನೆಗೆ ಬಂದ ಅಜೋವಾ ಮಾತ್ರ ಕಂಬಕ್ಕೆ ಒರಗಿ ನಿಂತಳು.

“ಆಂಟಿ, ನಾನು ನಿಮ್ಮ ವಿರುದ್ಧ ಬರೆದುಬಿಟ್ಟೆ.”

“ಏನು ಬರೆದೆ?”

“ಮೀನು ಹೆಚ್ಚಾಗಿಲ್ಲ ಅಂತಾರಲ್ಲ, ಅವ್ರು ಅಳೆದು ನೋಡಿಲ್ಲ ಅಂತ. ಹೆಚ್ಚಾಗಿದೆ ಅಂದೋರೂ ಯಾವ ದಡದಲ್ಲಿ ನೋಡಿದ್ರು ಅಂತ ಹೇಳಿಲ್ಲ. ನಾನು ಕಂಡಿದ್ದಿಷ್ಟು, ಆಗಸ್ಟಲ್ಲಿ ನಮ್ಮೊಲೆಗೆ ಬಂದ ಮೀನು ಸ್ವಲ್ಪ ದಪ್ಪ ಇತ್ತು. ಎರಡು ವರ್ಷ. ಒಂದು ಒಲೇದು ಸಾಕಾಗಲ್ಲ ಅಂತಾನೂ ಬರೆದೆ. ಆಮೇಲೆ, ಮಂಗಳವಾರ ಕಡಲಿಗೆ ರಜೆ ಕೊಡೋದನ್ನ ಅಜ್ಜಂದಿರ ಕಾಲದಿಂದ ಒಪ್ಪಿರೋ ನಾವು, ತಿಂಗಳ ರಜೆ ಅಂದ್ರೆ ಯಾಕೆ ಸಿಡೀತೀವಿ ಅಂತ ಕೇಳ್ದೆ.”

“ಮಂಗಳವಾರ ಒಂದಿನ ಕಣೇ! ಇದು ತಿಂಗಳು! ಹೊಟ್ಟೆಗೇನು ಮಾಡ್ಬೇಕು?”

“ಅದನ್ನೂ ಬರೆದೆ ಆಂಟಿ. ಆದ್ರೆ ಹೊಟ್ಟೆ ಮಾತು ಬೇರೆ, ಮೀನಿನ ಮಾತು ಬೇರೆ. ನೀವು ಎರಡನ್ನೂ ಒಟ್ಟಿಗೆ ಕಲಸಿಬಿಟ್ರಿ.” ಆಮೇಲೆ ತಲೆ ತಗ್ಗಿಸಿ, ಮೆಲ್ಲಗೆ, “ನೀವು ಆಗಸ್ಟಲ್ಲಿ ದಡಕ್ಕೆ ಹೋಗಿ ಎಷ್ಟು ವರ್ಷ ಆಯ್ತು?” ಎಂದಳು.

ಅರಬಾ ಒಳಗೆ ಹೋಗಿ ಪುಸ್ತಕ ಜೋಡಿಸತೊಡಗಿದರು. ಮುನಿಸು ಇರಲಿಲ್ಲ ಎಂದು ಈಗ ಹೇಳುತ್ತಾರೆ, ಸ್ವಲ್ಪ ಇತ್ತು ಎಂದು ಮೆಮುನಾ ತಿದ್ದುತ್ತಾರೆ. ಮುನಿಸಿಗಿಂತ ದೊಡ್ಡದಾಗಿ ಇದ್ದದ್ದು ಭಯ. ಉಳಿದ ಹನ್ನೊಂದು ಮಂದಿ ಒಂದು ಬದಿ, ಈ ಹುಡುಗಿ ಒಬ್ಬಳೇ ಇನ್ನೊಂದು ಬದಿ. ತಿದ್ದುವವರು ಯಾರೋ ಏನೋ. ತಾನು ಕಲಿಸಿದ ಅನುಮಾನದಿಂದಲೇ ಈಕೆಯ ಸೀಟು ಹೋದರೆ? ಹದಿನೇಳು ದಿನ ಅರಬಾ ಸರಿಯಾಗಿ ಊಟ ಮಾಡಲಿಲ್ಲ. ಬಿಚ್ಚಿದ ಮೆಕ್ಕೆಜೋಳದ ಕೆಂಕಿ ಉಂಡೆಯನ್ನು ಅರ್ಧಕ್ಕೆ ಮತ್ತೆ ಬಾಳೆಲೆಯಲ್ಲಿ ಸುತ್ತಿಡುತ್ತಿದ್ದರು.

ಫಲಿತಾಂಶದ ಹಾಳೆ ಅಂಟಿಸಿದ್ದು ಒಂದು ಶುಕ್ರವಾರ. ಅರಬಾ ನೋಡಲು ಹೋಗಲಿಲ್ಲ. ಅಜೋವಾಳ ಕಿರುಚಾಟ ಗ್ರಂಥಾಲಯದೊಳಕ್ಕೇ ಕೇಳಿಸಿತು, ಸದ್ದು ಮಾಡಬಾರದು ಎಂಬ ಬೋರ್ಡಿನ ಕೆಳಗೆ ನಿಂತೇ ಅರಬಾ ಕೂಡ ಕಿರುಚಿದರು. ಬೆಂಚಿನ ಹನ್ನೆರಡರಲ್ಲಿ ಎಂಟು ಮಂದಿ ಪಾಸು. ಎಲ್ಲರಿಗಿಂತ ಹೆಚ್ಚು ಅಂಕ ಅಜೋವಾಳದು. ನಪಾಸಾದ ನಾಲ್ವರು ಅರಬಾ ಅವರ ಮಾತನ್ನು, ತಮ್ಮದೇನನ್ನೂ ಸೇರಿಸದೆ, ಚಾಚೂ ತಪ್ಪದೆ ಬರೆದಿದ್ದರು. ಅವರಲ್ಲಿ ಮೂವರು ಮೊದಲ ಸಲ ಪರೀಕ್ಷೆಗೆ ಕೂತವರು, ಅವರಿಗೆ ಇನ್ನೊಂದು ಅವಕಾಶವಿದೆ, ಮರುಪರೀಕ್ಷೆ ಬರೆದ ಒಬ್ಬ ಊರಿಗೆ ಹೋದ. “ಅವನಿಗೆ ನಾನು ಹೇಳಿಕೊಟ್ಟಿದ್ದು ನನ್ನ ಸಿಟ್ಟನ್ನ, ಓದೋದನ್ನಲ್ಲ,” ಎಂದು ಅರಬಾ ಹೇಳುತ್ತಾರೆ. ಅವನ ಊರಿನ ವಿಳಾಸ ತರಿಸಿಕೊಂಡಿದ್ದಾರೆ, ವಾರಕ್ಕೊಂದು ಪುಟ ಕಳಿಸುತ್ತಿದ್ದಾರೆ.

ಅಜೋವಾ ಈಗಲೂ ಬೆಳಗ್ಗೆ ಐದಕ್ಕೆ ಬರುತ್ತಾಳೆ. ಬರಬೇಕಾದ ಅಗತ್ಯವಿಲ್ಲ. ಹೊಸದಾಗಿ ಬಂದವರ ಪಕ್ಕ ಕೂತು, ಅರಬಾ ಏನಾದರೂ ಖಡಾಖಂಡಿತವಾಗಿ ಹೇಳಿದರೆ ತಲೆಯೆತ್ತಿ ನೋಡುತ್ತಾಳೆ. ಅಷ್ಟು ನೋಡಿದರೆ ಸಾಕು, ಅರಬಾ ತಡವರಿಸಿ, ಮಾತು ಹಿಂದಕ್ಕೆ ತೆಗೆದುಕೊಂಡು, ಪುಟವನ್ನು ಮತ್ತೊಮ್ಮೆ ಓದುತ್ತಾರೆ.

“ಒಂಬತ್ತು ವರ್ಷ ಇಷ್ಟೊಂದು ಮಕ್ಕಳಿಗೆ ಅನುಮಾನ ಪಡೋದು ಹೇಳಿಕೊಟ್ಟೆ,” ಎನ್ನುತ್ತಾರೆ ಅರಬಾ, ಬೋಗುಣಿಯಿಂದ ಪೆನ್ನುಗಳನ್ನು ಮರಳಿ ಹಂಚುತ್ತಾ. “ನನ್ನನ್ನೇ ಅನುಮಾನಿಸಿದೋಳು ಇವಳೊಬ್ಬಳೇ. ಸರ್ಟಿಫಿಕೇಟು ಗಿರ್ಟಿಫಿಕೇಟು ಯಾಕೆ ಬೇಕು ನಂಗೆ?”

ಹಾಗಾದರೆ ಜುಲೈ ವಿಷಯದಲ್ಲಿ ಅವಳ ಮಾತು ಒಪ್ಪಿದಂತಾಯಿತೇ?

“ಯಾರು ಒಪ್ಪಿದ್ದು!” ಅರಬಾ ಕೆರಳುತ್ತಾರೆ. ಬೆಂಚಿನತ್ತ ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸುತ್ತಾರೆ. “ಆಗಸ್ಟಲ್ಲಿ ಕಡಲು ತೆರೆಯೋ ದಿನ ನಾನೇ ಮೌರಿಗೆ ಹೋಗ್ತಿದೀನಿ. ಒಂದು ಅಳತೆಪಟ್ಟಿ ತಗೊಂಡಿದೀನಿ. ರಜಾ ಚೀಟೀಲಿ ಕಾರಣ ಅನ್ನೋ ಕಡೆ, ಮೀನು ನೋಡೋಕೆ ಅಂತ ಬರೆದುಕೊಟ್ಟೆ. ಸಾಹೇಬ್ರು ನಕ್ಕು ಸೈನ್ ಹಾಕಿದ್ರು. ಮೀನು ದಪ್ಪ ಇದ್ರೆ ಅಲ್ಲಿಂದ್ಲೇ ಫೋನ್ ಮಾಡಿ ಅವಳಿಗೆ ಸೋತೆ ಕಣೇ ಅಂತೀನಿ. ಅಲ್ಲೀವರ್ಗೂ ಅವಳಿಗೆ ಹೇಳ್ಬೇಡಿ.”